ಪದ್ಮಿನಿಗೆ ಹೊಸ ಉಸಿರು

ಮೈಸೂರಿನ ಮಂಡಿ ಮೊಹಲ್ಲಾವನ್ನು ಕಣ್ಣಿಗಿಂತ ಮೊದಲು ಕಿವಿಯೇ ಗುರುತಿಸುತ್ತದೆ. ಅಶೋಕ ರಸ್ತೆಯನ್ನು ಬಿಟ್ಟು ಒಳಗಿನ ಓಣಿಗಳಲ್ಲೊಂದಕ್ಕೆ ತಿರುಗಿದರೆ ಸಾಕು. ಮೂಟೆ ಇಳಿಸುವ ಹಮಾಲರ ಕೂಗು, ಕೈಗಾಡಿಯ ಚಕ್ರದ ಕಿರುಗುಟ್ಟು, ತಗಡಿನ ಮೇಲೆ ಬೀಳುವ ಸುತ್ತಿಗೆಯ ಪೆಟ್ಟು ಎಲ್ಲವೂ ಒಟ್ಟಾಗಿ ಬಂದು ಎದುರುಗೊಳ್ಳುತ್ತವೆ. ಇಂತಹ ಓಣಿಯೊಂದರ ಕೊನೆಯಲ್ಲಿ, ತಗಡಿನ ಮಾಡಿನ ಷೆಡ್ಡೊಂದರ ಕೆಳಗೆ, ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಾಲ್ವರು ಒಂದು ಕಾರಿನ ಬಾನೆಟ್ಟಿನ ಮೇಲೆ ಬಾಗಿ ನಿಂತು ವಾದ ನಡೆಸಿದ್ದರು. ಐದನೆಯವನಾಗಿ ನಾನೂ ಸೇರಿಕೊಂಡೆ.

ಕಾರು 1978ರ ಪ್ರೀಮಿಯರ್ ಪದ್ಮಿನಿ. ಅದರ ಒಡೆಯರು ನನ್ನ ನೆರೆಮನೆಯ ನಿವೃತ್ತ ಅಧ್ಯಾಪಕರು, ಬೀದಿಗೆಲ್ಲ ‘ಮೇಷ್ಟ್ರು’. 1986ರಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡ ಕಾರನ್ನು ಅವರು ಇಂದಿಗೂ ಬಿಟ್ಟಿಲ್ಲ. ಅದನ್ನು ಅಂದಿನಿಂದಲೂ ರಿಪೇರಿ ಮಾಡುತ್ತ ಬಂದವರು ಈ ಷೆಡ್ಡಿನ ಎಪ್ಪತ್ತು ದಾಟಿದ ಸಾಹೇಬರು, ಓಣಿಗೆಲ್ಲ ‘ಮೇಸ್ತ್ರಿ’. ಮಿಕ್ಕ ಇಬ್ಬರಲ್ಲಿ ಒಬ್ಬ ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಮೇಷ್ಟ್ರ ಮಗ. ಇನ್ನೊಬ್ಬ, ಡಿಪ್ಲೊಮಾ ಮುಗಿಸಿ ತಾತನ ಷೆಡ್ಡಿಗೇ ಬಂದು ನಿಂತ ಮೇಸ್ತ್ರಿಯ ಮೊಮ್ಮಗ.

ವಾದದ ವಿಷಯ ಇಷ್ಟೇ: ಕಾರಿನ ಕಾರ್ಬೊರೇಟರನ್ನು ಕಿತ್ತು, ಅದರ ಜಾಗದಲ್ಲಿ ಈಗಿನ ಕಾರುಗಳಲ್ಲಿರುವಂತೆ ಕಂಪ್ಯೂಟರು ಅಳೆದು ಪೆಟ್ರೋಲು ಚಿಮ್ಮಿಸುವ ವಿದ್ಯುನ್ಮಾನ ಇಂಜೆಕ್ಷನ್ ವ್ಯವಸ್ಥೆಯನ್ನು ಕೂಡಿಸುವುದೇ, ಬೇಡವೇ?

ಹೊಸದು ಬೇಕೆಂದವನು ಮಗ, ಬೇಡವೆಂದವರು ಮೇಸ್ತ್ರಿ ಎಂದು ವಾಚಕರು ಊಹಿಸಿರಬಹುದು. ನಾನೂ ಹಾಗೆಯೇ ಊಹಿಸಿ ತಪ್ಪಿದೆ. ಹೊಸದನ್ನು ಹಾಕಿಬಿಡಿ ಎಂದು ಪಟ್ಟು ಹಿಡಿದವರು ಮೇಸ್ತ್ರಿಯೇ.

“ಮೇಷ್ಟ್ರೇ, ನನ್ನ ಎಡಗಿವಿ ಹೋಗಿ ಎರಡು ವರ್ಷವಾಯಿತು. ಬಲಗಿವಿಯೂ ಹೊರಟು ನಿಂತಿದೆ. ಈ ಕಾರ್ಬೊರೇಟರ್ ಕೂಡಿಸುವುದು ಕಿವಿಯ ಕೆಲಸ. ನಾಳೆ ನಾನಿಲ್ಲವೆಂದರೆ ಈ ಗಾಡಿಯನ್ನು ಯಾರ ಕೈಗೆ ಕೊಡುತ್ತೀರಿ?” ಎಂದು ಅವರು ಕೇಳಿದಾಗ ಮೇಷ್ಟ್ರು ಉತ್ತರ ಕೊಡದೆ ಕನ್ನಡಕ ಒರೆಸತೊಡಗಿದರು.

ನಂಜನಗೂಡಿನ ದಾರಿಯಲ್ಲಿ

ವಾದಕ್ಕೆ ಕಾರಣವಾದ ಪ್ರಸಂಗವನ್ನು ಮೇಷ್ಟ್ರ ಮನೆಯವರಿಂದಲೇ ಕೇಳಬೇಕು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ದಂಪತಿಗಳು ನಂಜುಂಡೇಶ್ವರನ ದರ್ಶನ ಮುಗಿಸಿಕೊಂಡು ಹಿಂದಿರುಗುತ್ತಿದ್ದರು. ರೈಲ್ವೆ ಗೇಟಿನಲ್ಲಿ ಹತ್ತು ನಿಮಿಷ ನಿಂತದ್ದೇ ನೆಪ. ಕಾರು ಮತ್ತೆ ಚಾಲೂ ಆಗಲಿಲ್ಲ. ಮೇಷ್ಟ್ರು ಬಾನೆಟ್ಟು ತೆಗೆದು, ಕೈಚೀಲದಲ್ಲಿದ್ದ ಟವೆಲನ್ನು ಕುಡಿಯುವ ನೀರಿನಲ್ಲಿ ನೆನೆಸಿ ಪೆಟ್ರೋಲು ಪಂಪಿನ ಮೇಲೆ ಹೊದಿಸಿದರು. ಹಳೆಯ ಫಿಯಟ್ ಕಾರು ಇಟ್ಟುಕೊಂಡವರಿಗೆಲ್ಲ ಈ ಚಿಕಿತ್ಸೆ ಗೊತ್ತು. ಇಂಜಿನ್ನಿನ ಪಕ್ಕದಲ್ಲೇ ಕುಳಿತ ಪಂಪು ಕಾದು, ಅದರೊಳಗಿನ ಪೆಟ್ರೋಲು ಆವಿಯಾಗಿಬಿಡುತ್ತದೆ. ದ್ರವವನ್ನು ದಬ್ಬಬಲ್ಲ ಪಂಪು ಆವಿಯನ್ನು ದಬ್ಬಲಾರದು. ಒದ್ದೆ ಬಟ್ಟೆ ಹಾಕಿ ತಣಿಸಿದರೆ ಮತ್ತೆ ಜೀವ ಬರುತ್ತದೆ. ಆ ದಿನ ಬರಲಿಲ್ಲ. ಒಂದು ಗಂಟೆ ಹುಣಿಸೆಮರದ ನೆರಳಿನಲ್ಲಿ ನಿಂತು, ಕೊನೆಗೆ ಹಾಲಿನ ವ್ಯಾನಿನ ಹುಡುಗರಿಂದ ತಳ್ಳಿಸಿಕೊಂಡು ಮನೆ ಸೇರಿದರು.

“ನಲವತ್ತು ವರ್ಷದಿಂದ ಈ ಕಾರಿಗೆ ತಲೆಸ್ನಾನ ಮಾಡಿಸುತ್ತಿದ್ದೇವೆ. ನನಗಿನ್ನು ಕೈಲಾಗದು” ಎಂದರಂತೆ ಆಕೆ.

ಹಳೆಯ ಕಾರುಗಳ ಈ ಕಾಯಿಲೆ ಇತ್ತೀಚೆಗೆ ಹೆಚ್ಚಿದೆ. ಅದಕ್ಕೆ ಕಾರಣ ಬಂಕಿನಲ್ಲಿದೆ. ಕಬ್ಬು ಮತ್ತು ಧಾನ್ಯಗಳಿಂದ ತೆಗೆದ ಎಥೆನಾಲ್ ಎಂಬ ಮದ್ಯಸಾರವನ್ನು ನೂರಕ್ಕೆ ಇಪ್ಪತ್ತರಂತೆ ಬೆರೆಸಿದ ‘ಇ20’ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಪ್ರಾರಂಭಿಸಲಾಯಿತು. 2025ರ ವೇಳೆಗೆ ಅದು ದೇಶದ ಬಹುತೇಕ ಎಲ್ಲ ಬಂಕುಗಳನ್ನೂ ತಲಪಿತು. ಮದ್ಯಸಾರ ಬೆರೆಯದ ಪೆಟ್ರೋಲೂ ದೊರೆಯುವಂತಿರಬೇಕೆಂದು ಸಲ್ಲಿಸಿದ್ದ ಅರ್ಜಿಯನ್ನು ಅದೇ ವರ್ಷದ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ವಿದೇಶೀ ಎಣ್ಣೆಯ ಆಮದು ತಗ್ಗಬೇಕು, ಕಬ್ಬು ಬೆಳೆದವನಿಗೆ ನಾಲ್ಕು ಕಾಸು ಸಿಗಬೇಕು ಎಂಬ ಉದ್ದೇಶವನ್ನು ಯಾರು ತಾನೆ ಅಲ್ಲಗಳೆದಾರು? ಮಂಡ್ಯದ ಪಕ್ಕದಲ್ಲಿದ್ದುಕೊಂಡು ಅದನ್ನು ಹಳಿದರೆ ಊಟ ಹುಟ್ಟುವುದಿಲ್ಲ. ಆದರೆ 1978ರಲ್ಲಿ ಮುಂಬಯಿಯ ಕುರ್ಲಾ ಕಾರ್ಖಾನೆಯಿಂದ ಹೊರಬಿದ್ದ ಕಾರಿಗೆ ಈ ಪಾನೀಯದ ಅಭ್ಯಾಸವಿಲ್ಲ. ಹಳೆಯ ರಬ್ಬರು ನಳಿಗೆಗಳೂ ಪಂಪಿನೊಳಗಿನ ಪೊರೆಯೂ ಅದರಲ್ಲಿ ನೆನೆದು ಉಬ್ಬುತ್ತವೆ. ಮದ್ಯಸಾರ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಇವುಗಳಿಗಿಂತ ಸೂಕ್ಷ್ಮವಾದ ತೊಂದರೆ ಮತ್ತೊಂದುಂಟು. ಅದನ್ನು ತಿಳಿಯಲು ಕಾರ್ಬೊರೇಟರಿನ ಒಳಹೊಕ್ಕು ನೋಡಬೇಕು.

ಫ್ಲಿಟ್ ಪಂಪಿನ ತತ್ತ್ವ

ಸೊಳ್ಳೆಗೆ ಔಷಧಿ ಹೊಡೆಯುತ್ತಿದ್ದ ಹಳೆಯ ಫ್ಲಿಟ್ ಪಂಪು ನೆನಪಿದೆಯಲ್ಲವೆ? ಹಿಡಿ ಒತ್ತಿದರೆ ಗಾಳಿ ರಭಸದಿಂದ ನುಗ್ಗುತ್ತದೆ. ಡಬ್ಬಿಯ ಔಷಧಿ ಸಣ್ಣ ಕೊಳವೆಯಲ್ಲಿ ಮೇಲೇರಿ ತುಂತುರಾಗಿ ಚೆದರುತ್ತದೆ. ಕಾರ್ಬೊರೇಟರು ಮಾಡುವುದೂ ಇದನ್ನೇ. ಇಂಜಿನ್ನು ತನ್ನ ಉಸಿರಿಗೆ ಗಾಳಿಯನ್ನು ಸೆಳೆಯುತ್ತದೆ. ಆ ಗಾಳಿ ಇಕ್ಕಟ್ಟಾದ ಕಂಠದಲ್ಲಿ ಹಾಯುವಾಗ ವೇಗ ಹೆಚ್ಚಿ, ಒತ್ತಡ ತಗ್ಗುತ್ತದೆ. ಪಕ್ಕದ ಬಟ್ಟಲಿನಲ್ಲಿರುವ ಪೆಟ್ರೋಲು ‘ಜೆಟ್’ ಎಂಬ ಹಿತ್ತಾಳೆಯ ಸಣ್ಣ ರಂಧ್ರದ ಮೂಲಕ ಬಂದು ಬೆರೆಯುತ್ತದೆ. ಬಟ್ಟಲಿನ ಮಟ್ಟ ಕಾಯಲು ತೇಲುಬುರುಡೆಯೊಂದಿದೆ. ಬೆಳಗಿನ ಚಳಿಗೆ ಗಾಳಿಯನ್ನು ಅಡ್ಡಗಟ್ಟಿ ಪೆಟ್ರೋಲು ಹೆಚ್ಚಿಸಲು ‘ಚೋಕ್’ ಉಂಟು. ವಿದ್ಯುತ್ತಿಲ್ಲ, ಲೆಕ್ಕಾಚಾರವಿಲ್ಲ. ಗಾಳಿ ತನ್ನ ಪಾಲನ್ನು ತಾನೇ ಕೇಳಿ ಪಡೆಯುತ್ತದೆ. ಹಿತ್ತಾಳೆ ತುಂಡೊಂದಕ್ಕೆ ಇಷ್ಟು ಬುದ್ಧಿ ಕಲಿಸಿದವರನ್ನು ಮೆಚ್ಚಲೇಬೇಕು.

ಒಂದು ಭಾಗ ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಶುದ್ಧ ಎಥೆನಾಲಿಗಾದರೋ 9 ಭಾಗ ಸಾಕು, ಏಕೆಂದರೆ ಅದರ ಹೊಟ್ಟೆಯಲ್ಲಿಯೇ ಆಮ್ಲಜನಕವಿದೆ. ಇ20ರ ಲೆಕ್ಕ ಸುಮಾರು 13.5 ಆಗುತ್ತದೆ. ಕಾರ್ಬೊರೇಟರಿಗೆ ಈ ಬದಲಾವಣೆ ಹೇಗೆ ತಿಳಿಯಬೇಕು? ಅದು ಹಳೆಯ ಪ್ರಮಾಣದಲ್ಲಿಯೇ ಅಳೆದು ಕೊಡುತ್ತದೆ, ಮಿಶ್ರಣ ತೆಳುವಾಗುತ್ತದೆ, ಇಂಜಿನ್ನು ಕೆಮ್ಮುತ್ತದೆ, ಕಾವೇರುತ್ತದೆ, ಎಳೆತ ಸಾಲದೆ ಮುಗ್ಗರಿಸುತ್ತದೆ.

ಇದಕ್ಕೆ ಮೇಸ್ತ್ರಿಯ ಬಳಿ ಅಗ್ಗದ ಮದ್ದು ಇಲ್ಲದಿಲ್ಲ. ಜೆಟ್ಟಿನ ಮೇಲೆ ಕೊರೆದಿರುವ ಅಂಕೆ ಅದರ ರಂಧ್ರದ ಅಗಲ. ಮಿಲಿಮೀಟರಿನ ನೂರನೆಯ ಒಂದು ಪಾಲಿನ ಲೆಕ್ಕ. ಉದಾಹರಣೆಗೆ 120ರ ಜೆಟ್ಟನ್ನು ತೆಗೆದು 125ರದನ್ನು ಹಾಕಿದರೆ ರಂಧ್ರದ ವಿಸ್ತೀರ್ಣ ನೂರಕ್ಕೆ ಎಂಟೂವರೆಯಷ್ಟು ಹೆಚ್ಚುತ್ತದೆ. ಇ20ಕ್ಕೆ ಹೆಚ್ಚುಕಡಮೆ ಅಷ್ಟೇ ಬೇಕಾದದ್ದು. ಮೇಸ್ತ್ರಿ ಕಳೆದ ವರ್ಷವೇ ಇಂತಹದೊಂದು ಚಿಕಿತ್ಸೆ ಮಾಡಿ ನೋಡಿದ್ದರು. ಮೈಸೂರಿನೊಳಗೆ ಕಾರು ಸುಮಾರಾಗಿ ಓಡಿತು. ಊಟಿಯ ಹಾದಿಯಲ್ಲಿ ಕಪ್ಪು ಹೊಗೆ ಕಾರಿತು. ಕಾರಣ ಸ್ಪಷ್ಟವೇ: ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಊಟಿ ಸುಮಾರು 2,240 ಮೀಟರ್. ಅಲ್ಲಿನ ಗಾಳಿ ವಿರಳ. ಜೆಟ್ಟಿನ ರಂಧ್ರ ಮಾತ್ರ ಇದ್ದಷ್ಟೇ ಇರುತ್ತದೆ. ತಗ್ಗಿನ ಊರಿಗೆ ಒಗ್ಗಿದ ಪ್ರಮಾಣ ಬೆಟ್ಟದ ಮೇಲೆ ಅತಿಯಾಯಿತು. ಅದಲ್ಲದೆ ಜೆಟ್ಟು ಬದಲಿಸಿದ ಮಾತ್ರಕ್ಕೆ ಪಂಪಿನಲ್ಲಿ ಪೆಟ್ರೋಲು ಆವಿಯಾಗುವುದು ನಿಲ್ಲುವುದೂ ಇಲ್ಲ.

ಇಂಜೆಕ್ಷನ್ ವ್ಯವಸ್ಥೆಯಲ್ಲಿ ಅಳತೆಯ ಕ್ರಮವೇ ಬೇರೆ. ವಿದ್ಯುತ್ ಪಂಪೊಂದು ಟ್ಯಾಂಕಿನ ಬಳಿಯಲ್ಲೇ ಕುಳಿತು, ಪೆಟ್ರೋಲನ್ನು ವಾತಾವರಣದ ಒಂದರಿಂದ ಮೂರು ಪಟ್ಟು ಒತ್ತಡದಲ್ಲಿ ಮುಂದಕ್ಕೆ ದಬ್ಬುತ್ತದೆ. ಆ ಒತ್ತಡದಲ್ಲಿ ಅದು ಸುಲಭವಾಗಿ ಆವಿಯಾಗದು. ಮುಂದೆ ‘ಇಂಜೆಕ್ಟರ್’ ಎಂಬ ವಿದ್ಯುತ್ ಕವಾಟ ಕ್ಷಣಮಾತ್ರ ತೆರೆದು ಮುಚ್ಚುತ್ತದೆ. ಕ್ಷಣವೆಂದರೆ ಸೆಕೆಂಡಿನ ಸಾವಿರದ ಕೆಲವು ಪಾಲು. ಇಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರು ಸೆಕೆಂಡಿಗೆ 25 ಬಾರಿ ಉಸಿರೆಳೆಯುತ್ತದೆ. ಪ್ರತಿ ಉಸಿರಿಗೂ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಹೊಗೆನಳಿಗೆಯಲ್ಲಿ ಕುಳಿತ ಆಮ್ಲಜನಕದ ಸಂವೇದಕ, ಉರಿದು ಬಂದ ಹೊಗೆಯನ್ನು ಪರೀಕ್ಷಿಸಿ ಹೆಚ್ಚಾಯಿತು, ಕಡಮೆಯಾಯಿತು ಎಂದು ವರದಿ ಕಳುಹಿಸುತ್ತಿರುತ್ತದೆ. ಬಡಿಸುವವನು ಎಲೆ ನೋಡಿ ಬಡಿಸಿದ ಹಾಗೆ ಎಂದರೆ ಮನೆಯವರಿಗೆ ಬೇಗ ತಿಳಿದೀತು.

ಕಿತ್ತವರೂ ಉಂಟು, ಹಾಕಿದವರೂ ಉಂಟು

ಈ ವಿದ್ಯೆಯ ಆರಂಭವೇನೂ ಶುಭಪ್ರದವಾಗಿರಲಿಲ್ಲ. 1958ರಲ್ಲಿ ಅಮೆರಿಕದ ಕ್ರೈಸ್ಲರ್ ಸಂಸ್ಥೆ, ಬೆಂಡಿಕ್ಸ್ ಕಂಪನಿಯ ‘ಎಲೆಕ್ಟ್ರೊಜೆಕ್ಟರ್’ ಎಂಬ ವಿದ್ಯುನ್ಮಾನ ಇಂಜೆಕ್ಷನ್ನನ್ನು ಕೆಲವೇ ಡಜನ್ ಕಾರುಗಳಿಗೆ ಹಾಕಿ ಮಾರಿತು. ಆ ಕಾಲದ ಬಿಡಿಭಾಗಗಳು ಇಂಜಿನ್ನಿನ ಕಾವನ್ನು ತಡೆಯಲಿಲ್ಲ. ಕೊಂಡವರ ಪೈಕಿ ಬಹುತೇಕರು ಅದನ್ನು ಕಿತ್ತು ಕಾರ್ಬೊರೇಟರು ಹಾಕಿಸಿಕೊಂಡು ನೆಮ್ಮದಿ ಪಡೆದರು! ಆ ವಿದ್ಯೆಯನ್ನು ಮುಂದುವರಿಸಿದ ಜರ್ಮನಿಯ ಬಾಷ್ ಸಂಸ್ಥೆ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಯಶಸ್ವಿಯಾಗಿ ಅಳವಡಿಸಿತು.

ನಮ್ಮಲ್ಲಿ ಅದು ಮನೆಮಾತಾಗಲು ಇನ್ನೂ ಮೂವತ್ತು ವರ್ಷ ಬೇಕಾಯಿತು. 1999ರ ಏಪ್ರಿಲ್ 29ರಂದು ಸರ್ವೋಚ್ಚ ನ್ಯಾಯಾಲಯ ದೆಹಲಿ ಪ್ರದೇಶದ ಹೊಸ ಖಾಸಗಿ ಕಾರುಗಳ ಹೊಗೆಗೆ ಯೂರೋಪಿನ ಮಿತಿಗಳನ್ನು ವಿಧಿಸಿದ ಮೇಲೆ ಕಾರ್ಬೊರೇಟರಿನ ದಿನಗಳು ಎಣಿಕೆಗೆ ಬಂದವು. ಪದ್ಮಿನಿಯ ತಯಾರಿಕೆ 2000ದ ಸುಮಾರಿಗೆ ನಿಂತಿತು. ಅಂಬಾಸಿಡರ್ ಕಾರಿಗೆ ಅದರ ಕಂಪನಿಯೇ ಇಂಜೆಕ್ಷನ್ ಹಾಕಿ 2014ರವರೆಗೆ ಉಸಿರು ಹಿಡಿಸಿತು. ಮುಂಬಯಿಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ಬೀದಿ ಬಿಟ್ಟದ್ದು 2023ರ ಅಕ್ಟೋಬರ್ ಕೊನೆಗೆ.

ಮೈಸೂರಿಗಂತೂ ಈ ಕಥೆ ಪಕ್ಕದ ಬೀದಿಯದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮೋಟಾರುಸೈಕಲ್ಲುಗಳನ್ನು ತಯಾರಿಸಿತು. ನಮ್ಮ ಮೇಸ್ತ್ರಿಯೂ ಹುಡುಗನಾಗಿದ್ದಾಗ ಕಾರ್ಬೊರೇಟರಿನ ಓನಾಮ ಕಲಿತದ್ದು ಜಾವಾ ಗಾಡಿಗಳನ್ನು ಬಿಚ್ಚಿ ತೊಳೆದೇ. 2018ರಲ್ಲಿ ಅದೇ ಜಾವಾ ಹೆಸರು ಮತ್ತೆ ಹುಟ್ಟಿ ಬಂದಿತು. ಈ ಬಾರಿ ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಟ್ಯಾಂಕಿನ ಅಂದ, ಹೊಗೆನಳಿಗೆಯ ಬಾಗು ಎಲ್ಲ ಹಳೆಯವೇ. ಒಳಗೆ ಮಾತ್ರ ಇಂಜೆಕ್ಷನ್. “ನನ್ನ ಜಾವಾನೇ ಬದಲಾಯಿತು, ನಿಮ್ಮ ಪದ್ಮಿನಿಗೇನು?” ಎಂಬುದು ಮೇಸ್ತ್ರಿಯ ಮತ್ತೊಂದು ಪಟ್ಟು.

ಐವತ್ತರ ಗಂಡಾಂತರ

ಅಚ್ಚರಿಯೆಂದರೆ, ತಡೆದವನು ಇಂಜಿನಿಯರ್ ಮಗ. ಅವನು ಕಾನೂನು ಓದಿಕೊಂಡು ಬಂದಿದ್ದ.

“ಅಪ್ಪ, 2028ಕ್ಕೆ ನಮ್ಮ ಕಾರಿಗೆ ಐವತ್ತು ತುಂಬುತ್ತದೆ. ಅಲ್ಲಿಯವರೆಗೆ ಇಂಜಿನ್ನಿಗೆ ಕೈ ಹಚ್ಚದಿರುವುದು ಲೇಸಲ್ಲವೆ?”

ಅವನ ಮಾತಿನಲ್ಲಿ ಹುರುಳಿತ್ತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿಸಿಕೊಂಡು ಬಂದ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. 20,000 ರೂಪಾಯಿ ಶುಲ್ಕ. ಹತ್ತು ವರ್ಷದ ಮಾನ್ಯತೆ. ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಗೌರವದ ಅಕ್ಷರಗಳು. ಆದರೆ ಚಾಸಿ, ಮೈಕಟ್ಟು, ಇಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಕೂಡದು. ಕಾರ್ಬೊರೇಟರು ಕಿತ್ತು ಕಂಪ್ಯೂಟರು ಹಾಕಿದ್ದನ್ನು ನೋಡಿದ ಅಧಿಕಾರಿ ಏನೆಂದಾನು? ಇದಲ್ಲದೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಿಗದಿಪಡಿಸಿದ ಮೂಲವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಮೇಷ್ಟ್ರು ಶಿಸ್ತಿನ ಮನುಷ್ಯರು. ಸಾರಿಗೆ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಲಿಖಿತ ಉತ್ತರ ಕೈಸೇರುವವರೆಗೆ ಯಾರಿಗೂ ಸ್ಪ್ಯಾನರು ಮುಟ್ಟಗೊಡಲಿಲ್ಲ. ಈ ಕೆಲಸಕ್ಕೆ ಮನಸ್ಸು ಮಾಡುವ ವಾಚಕರೂ ಅದೇ ದಾರಿ ಹಿಡಿಯುವುದು ಕ್ಷೇಮ.

ವಿಂಟೇಜ್ ಗೌರವಕ್ಕೂ ಒಂದು ಕೊಕ್ಕೆಯಿದೆ. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನಕ್ಕೋ ಮೆರವಣಿಗೆಗೋ ದುರಸ್ತಿಗೋ ರಸ್ತೆಗೆ ತರಬಹುದೇ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಈ ಮಾತು ಮೇಷ್ಟ್ರ ಮನೆಯವರ ಕಿವಿಗೆ ಬಿದ್ದುದೇ ತಡ, ತೀರ್ಪು ಹೊರಬಿತ್ತು.

“ಅಲ್ಲಪ್ಪ, ಕಾರು ಮನೆಯಲ್ಲಿದ್ದುಕೊಂಡು ನಾನು ನಂಜನಗೂಡಿಗೆ ಬಸ್ಸಿನಲ್ಲಿ ಹೋಗಬೇಕೇನು? ಶೋಕೇಸಿನಲ್ಲಿಡಲು ನಿಮ್ಮಪ್ಪ ಇದನ್ನು ಕೊಂಡದ್ದಲ್ಲ.”

ಮೇಷ್ಟ್ರು ಒಂದೇ ಒಂದು ಷರತ್ತು ಹಾಕಿದರು: ಮೂಲ ಇಂಜಿನ್ನಿಗೆ ಒಂದು ತೂತು ಕೊರೆಯಕೂಡದು, ಒಂದು ಹಲ್ಲೂ ಅರೆಯಕೂಡದು, ನಾಳೆ ಬೇಕೆಂದರೆ ಒಂದು ಹಗಲಿನಲ್ಲಿ ಹಳೆಯದನ್ನು ಮರಳಿ ಕೂಡಿಸುವಂತಿರಬೇಕು. ಷರತ್ತು ಅಂಗೀಕಾರವಾಯಿತು. ಹಳೆಯ ಪಂಪು, ಡೈನಮೋ, ಕಾರ್ಬೊರೇಟರು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಸವರಿ, ಬಿಸ್ಕತ್ತಿನ ಡಬ್ಬಗಳಲ್ಲಿಟ್ಟು ಅಟ್ಟಕ್ಕೇರಿಸಲಾಯಿತು.

ಹದಿನೇಳು ದಿನಗಳು

ಕೆಲಸ ಹದಿನೇಳು ದಿನ ನಡೆಯಿತು. ‘ಕಾರ್ಬೊರೇಟರು ತೆಗೆದು ಅದನ್ನು ಹಾಕಿದರಾಯಿತು’ ಎಂದುಕೊಂಡಿದ್ದ ನನಗೆ ಕಣ್ಣು ತೆರೆಯಿತು. ನಿಜವಾದ ಕೆಲಸವೆಲ್ಲ ಕಾರ್ಬೊರೇಟರಿನಿಂದ ದೂರದಲ್ಲಿತ್ತು.

ಮೊದಲನೆಯದು ಟ್ಯಾಂಕು. ಹೊಸ ಪಂಪು ಇಂಜಿನ್ನಿಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲನ್ನು ಕಳುಹಿಸುತ್ತದೆ. ಉಳಿದದ್ದು ಹಿಂದಿರುಗಲು ಬೇರೊಂದು ನಳಿಗೆ ಬೇಕು. ಅದನ್ನು ಬೆಸೆಯುವ ಮೊದಲು ಮೇಸ್ತ್ರಿ ಟ್ಯಾಂಕನ್ನು ಕಾರಿನಿಂದ ಬಿಚ್ಚಿ, ಎರಡು ದಿನ ತೊಳೆದು, ನೀರು ತುಂಬಿಸಿಟ್ಟರು. ಪೆಟ್ರೋಲಿನ ಆವಿ ಉಳಿದ ಖಾಲಿ ಟ್ಯಾಂಕಿಗೆ ಬೆಂಕಿ ಮುಟ್ಟಿಸಿದರೆ ಅದು ಬಾಂಬೇ ಸರಿ. ಇನ್ನೊಂದು ಎಚ್ಚರಿಕೆಯನ್ನು ಅವರು ಪೆಟ್ಟು ತಿಂದು ಕಲಿತಿದ್ದರು. ಹಿಂದೆ ಒಂದು ಅಂಬಾಸಿಡರಿಗೆ ಇಂತಹದೇ ಪರಿವರ್ತನೆ ಮಾಡಿದಾಗ, ತಿರುವುಗಳಲ್ಲಿ ಪೆಟ್ರೋಲು ಒಂದು ಬದಿಗೆ ವಾಲಿ, ಪಂಪು ಗಾಳಿ ನುಂಗಿ, ಕಾರು ಘಟ್ಟದ ನಡುವೆ ನಿಂತುಬಿಟ್ಟಿತ್ತು. ಕಾರ್ಬೊರೇಟರಿನ ಬಟ್ಟಲಿನಲ್ಲಿ ಕೆಲವು ನಿಮಿಷಕ್ಕಾಗುವಷ್ಟು ದಾಸ್ತಾನು ಇರುತ್ತದೆ. ಇಂಜೆಕ್ಷನ್ನಿಗೆ ಅಂತಹ ಗಂಟಿಲ್ಲ, ಕ್ಷಣದ ಉಪವಾಸವನ್ನೂ ತಡೆಯದು. ಆದ್ದರಿಂದ ಈ ಬಾರಿ ಪಂಪಿನ ಮುಂದೆ, ಯಾವಾಗಲೂ ತುಂಬಿರುವಂತಹ ಚೊಂಬಿನ ಗಾತ್ರದ ಉಪಟ್ಯಾಂಕೊಂದನ್ನು ಇಟ್ಟರು.

ಎರಡನೆಯದು ವಿದ್ಯುತ್ತು. ಪದ್ಮಿನಿಯಲ್ಲಿದ್ದ ಡೈನಮೋ ಇಂಜಿನ್ನು ನಿಧಾನವಾಗಿ ತಿರುಗುವಾಗ ಏನನ್ನೂ ಉತ್ಪಾದಿಸದು. ಸಿಗ್ನಲಿನಲ್ಲಿ ನಿಂತಾಗ ಡ್ಯಾಷ್‌ಬೋರ್ಡಿನ ಕೆಂಪು ದೀಪ ಮಿನುಗುತ್ತಿದ್ದುದು ಅದಕ್ಕೇ. ಪಂಪು, ಕಂಪ್ಯೂಟರು, ಇಂಜೆಕ್ಟರುಗಳಿಗೆ ಸದಾ ಹತ್ತು ಆಂಪಿಯರಿನಷ್ಟು ಬೇಕು. ಆಲ್ಟರ್ನೇಟರು ಹಾಕದೆ ವಿಧಿಯಿರಲಿಲ್ಲ. ಜತೆಗೆ, ಇಂಜಿನ್ನು ನಿಂತೊಡನೆ ಪಂಪಿನ ವಿದ್ಯುತ್ತು ತಾನೇ ಕಡಿಯುವಂತೆ ಮೊಮ್ಮಗ ಏರ್ಪಾಡು ಮಾಡಿದ. ಅಪಘಾತವಾಗಿ ನಳಿಗೆ ಹರಿದರೆ ಪೆಟ್ರೋಲು ಒತ್ತಡದಲ್ಲಿ ಚಿಮ್ಮುತ್ತಿರಬಾರದಲ್ಲ? ಇದನ್ನು ಬಿಟ್ಟು ಉಳಿಸುವ ಕಾಸು ಕಾಸೇ ಅಲ್ಲ.

ಇಂಜಿನ್ನು ಯಾವ ಗಳಿಗೆಯಲ್ಲಿ ಎಲ್ಲಿದೆ ಎಂಬುದನ್ನು ಕಂಪ್ಯೂಟರಿಗೆ ತಿಳಿಸಲು, ಮುಂಭಾಗದ ಪುಲ್ಲಿಗೆ 36 ಹಲ್ಲಿನ ಚಕ್ರವೊಂದನ್ನು ಜೋಡಿಸಬೇಕಿತ್ತು. ಓಣಿಯ ಲೇತಿನವನು ಅದನ್ನು ಸೊಗಸಾಗಿ ಕಡೆದುಕೊಟ್ಟ. ಅವನಿಂದಲೇ ಒಂದು ಹಲ್ಲನ್ನು ಕಿತ್ತುಹಾಕಿಸಿದಾಗ ಬಡಪಾಯಿ ಬೆಚ್ಚಿಬಿದ್ದ. ಬೋಳಾದ ಆ ಜಾಗ ಎದುರಿಗೆ ಬಂದಾಗಲೇ ಒಂದು ಸುತ್ತು ಮುಗಿಯಿತೆಂದು ಕಂಪ್ಯೂಟರಿಗೆ ಗೊತ್ತಾಗುವುದು ಎಂದು ತಿಳಿಸಿ ಹೇಳಿದ ಮೇಲೆ ಸಮಾಧಾನವಾಯಿತು.

ಕಾರ್ಬೊರೇಟರಿನ ಜಾಗದಲ್ಲಿ, ನಡುವೆ ಅಲ್ಯುಮಿನಿಯಂ ತಟ್ಟೆಯೊಂದನ್ನಿಟ್ಟು, ಇಂಜೆಕ್ಟರು ಸಮೇತವಾದ ಗಾಳಿಕವಾಟವನ್ನು ಕೂಡಿಸಿದರು. ಮೇಲೆ ಹಳೆಯ ಗಾಳಿಸೋಸುಕದ ಕಪ್ಪು ಡಬ್ಬಿಯನ್ನೇ ಮುಚ್ಚಿದಾಗ ಬಾನೆಟ್ಟಿನ ಕೆಳಗೆ ಏನೂ ಬದಲಾಗಿಲ್ಲವೆಂಬಂತೆ ಕಾಣಿಸಿತು. ಮೇಷ್ಟ್ರ ಮುಖ ಅರಳಿದ್ದು ಆವೊತ್ತು.

ಕಂಪ್ಯೂಟರಿನ ವಿಷಯದಲ್ಲಿ ಮಗ ಜಾಣತನ ತೋರಿದ್ದ. 2001ರಲ್ಲಿ ಬೌಲಿಂಗ್ ಮತ್ತು ಗ್ರಿಪ್ಪೊ ಎಂಬ ಇಬ್ಬರು ಅಮೆರಿಕನ್ನರು ‘ಮೆಗಾಸ್ಕ್ವರ್ಟ್’ ಎಂಬ ಇಂಜೆಕ್ಷನ್ ಕಂಪ್ಯೂಟರನ್ನು ಹವ್ಯಾಸಿಗಳು ತಾವೇ ಬೆಸೆದುಕೊಳ್ಳುವಂತೆ ರೂಪಿಸಿದರು. ಆ ಹಾದಿಯಲ್ಲಿ ಮುಂದೆ ಬಂದ ‘ಸ್ಪೀಡುಯಿನೊ’ ಎಂಬುದರ ನಕ್ಷೆ, ಕಾರ್ಯಕ್ರಮ ಎರಡೂ ಯಾರು ಬೇಕಾದರೂ ಓದಬಹುದಾದವು. ಅಂತಹದನ್ನೇ ಅವನು ಆರಿಸಿದ. ಮುಚ್ಚಿದ ಪೆಟ್ಟಿಗೆಯನ್ನು ಕೊಂಡು, ಅದನ್ನು ಮಾಡಿದವನು ಅಂಗಡಿ ಮುಚ್ಚಿದರೆ ಹಳೆಯ ಕಾರು ಅನಾಥವಾಗುತ್ತದೆ. ಮೇಷ್ಟ್ರು ತಂತಿಗಳ ನಕ್ಷೆಯನ್ನು ಸ್ವಹಸ್ತದಿಂದ ಬಣ್ಣದ ಪೆನ್ಸಿಲಿನಲ್ಲಿ ಬರೆದು ಡ್ಯಾಷ್‌ಬೋರ್ಡಿನ ಗೂಡಿನಲ್ಲಿಟ್ಟರು.

ಕಳ್ಳಗಾಳಿ

ಹನ್ನೆರಡನೆಯ ದಿನ ಚಾಲೂ ಮಾಡಿದಾಗ ಇಂಜಿನ್ನು ಒಮ್ಮೆ ಸಿಡಿದು ಸುಮ್ಮನಾಯಿತು. ನಿಮಿಷಕ್ಕೆ 8,000 ಸುತ್ತೆಂದು ಲ್ಯಾಪ್‌ಟಾಪು ತೋರಿಸಿತು. ಪದ್ಮಿನಿಯ 1,089 ಸಿ.ಸಿ. ಇಂಜಿನ್ನು ಹಾಗೆ ತಿರುಗಿದ್ದರೆ ಷೆಡ್ಡಿನ ಮಾಡು ಉಳಿಯುತ್ತಿರಲಿಲ್ಲ. ಒಂದು ಹಗಲು ಹುಡುಕಿದ ಮೇಲೆ ಕಾರಣ ಸಿಕ್ಕಿತು: ಸ್ಪಾರ್ಕ್ ಪ್ಲಗ್ಗಿನ ಹಳೆಯ ತಾಮ್ರದ ತಂತಿಗಳು ರೇಡಿಯೋದಲ್ಲಿ ಗೊರಗೊರ ಎಬ್ಬಿಸುವಂತೆ, ಹಲ್ಲಿನ ಚಕ್ರದ ಸಂದೇಶದಲ್ಲೂ ಗದ್ದಲ ಬೆರೆಸುತ್ತಿದ್ದವು. ರೋಧಕವುಳ್ಳ ತಂತಿಗಳನ್ನು ಹಾಕಿದೊಡನೆ ಇಂಜಿನ್ನು ಹೊತ್ತಿಕೊಂಡಿತು.

ಆಮೇಲಿನದು ಕೋಷ್ಟಕ ತುಂಬುವ ಕೆಲಸ. ಕಂಪ್ಯೂಟರಿನೊಳಗೆ ಹದಿನಾರು ಸಾಲು, ಹದಿನಾರು ಅಂಕಣಗಳ 256 ಮನೆಗಳಿವೆ. ಒಂದು ಕಡೆ ಇಂಜಿನ್ನಿನ ವೇಗ, ಇನ್ನೊಂದು ಕಡೆ ಒಳಗಿನ ಗಾಳಿಯ ಒತ್ತಡ. ಪ್ರತಿ ಮನೆಗೂ ಒಂದು ಅಂಕೆ. ಮೊದಲು ಅಂದಾಜಿನ ಅಂಕೆ ತುಂಬಿ, ಮುಂಜಾವದಲ್ಲಿ ವರ್ತುಲ ರಸ್ತೆಯಲ್ಲಿ ಓಡಿಸುತ್ತ, ಹೊಗೆಯ ವರದಿ ನೋಡಿ ತಿದ್ದುತ್ತ ಹೋಗಬೇಕು. ಮಗ ಕಾರು ನಡೆಸಿದ. ಮೊಮ್ಮಗ ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕುಳಿತ. ನಾಲ್ಕು ದಿನದಲ್ಲಿ ಓಟ ಹದಕ್ಕೆ ಬಂದಿತು. ಒಂದೇ ಕೊರತೆ: ಕಾರು ನಿಂತಾಗ ಇಂಜಿನ್ನು 1,200 ಸುತ್ತಿಗಿಂತ ಕೆಳಗಿಳಿಯಲೊಲ್ಲದು. ಹುಡುಗ ಅಂಕೆಗಳನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಹೊಗೆಯ ವರದಿ ಮಾತ್ರ ಎಲ್ಲವೂ ಸರಿಯಿದೆ ಎನ್ನುತ್ತಿತ್ತು.

ಮೇಸ್ತ್ರಿ ಅಲ್ಲಿಯವರೆಗೆ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಎದ್ದು ಬಂದು ಉದ್ದನೆಯ ಸ್ಕ್ರೂಡ್ರೈವರನ್ನು ಕೈಗೆತ್ತಿಕೊಂಡರು. ಅದರ ಮೊನೆಯನ್ನು ಇಂಜಿನ್ನಿನ ಮೇಲೆ ಅಲ್ಲಲ್ಲಿ ಊರಿ, ಹಿಡಿಯನ್ನು ಕಿವಿಗೆ ಇಡಲಿಲ್ಲ. ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರು. ಕಿವಿ ಕೇಳದಿದ್ದರೆ ಮೂಳೆ ಕೇಳುತ್ತದೆಂಬುದನ್ನು ಅವರಿಗೆ ಯಾವ ವೈದ್ಯರೂ ಹೇಳಿಕೊಟ್ಟಿರಲಿಲ್ಲ. ಅಲ್ಯುಮಿನಿಯಂ ತಟ್ಟೆಯ ಹಿಂಬದಿಯ ಮೂಲೆಗೆ ಬಂದಾಗ ಕಣ್ಣು ಮುಚ್ಚಿ ನಿಂತರು.

“ಎಣ್ಣೆ ಡಬ್ಬಿ ಕೊಡು ಬೇಟಾ.”

ಎರಡು ತೊಟ್ಟು ಎಣ್ಣೆ ಬಿಟ್ಟರು. ಇಂಜಿನ್ನಿನ ಸದ್ದು ತಟ್ಟನೆ ಇಳಿಯಿತು. ಎಣ್ಣೆ ಒಳಕ್ಕೆ ಹೀರಿಹೋಗುತ್ತಿದ್ದಂತೆ ಮತ್ತೆ ಏರಿತು. ಗ್ಯಾಸ್ಕೆಟ್ಟಿನ ಆ ಮೂಲೆಯಲ್ಲಿ ಕೂದಲೆಳೆಯ ಸಂದು. ಅಲ್ಲಿಂದ ಕಳ್ಳಗಾಳಿ ನುಗ್ಗುತ್ತಿತ್ತು. ಕಂಪ್ಯೂಟರು ಅದಕ್ಕೂ ಪ್ರಾಮಾಣಿಕವಾಗಿ ಲೆಕ್ಕವಿಟ್ಟು ಪೆಟ್ರೋಲು ಕೊಡುತ್ತಿದ್ದುದರಿಂದ ವರದಿಯಲ್ಲಿ ತಪ್ಪೇ ಕಾಣಿಸಿರಲಿಲ್ಲ. ತಟ್ಟೆಯನ್ನು ಬಿಚ್ಚಿ, ಗಾಜಿನ ಮೇಲೆ ಉಜ್ಜಿ ಮಟ್ಟ ಮಾಡಿ, ಹೊಸ ಗ್ಯಾಸ್ಕೆಟ್ಟು ಹಾಕಿದರು. ಇಂಜಿನ್ನು 850ಕ್ಕೆ ಇಳಿದು ಗುನುಗತೊಡಗಿತು. ಮೊಮ್ಮಗ ಏನೂ ಹೇಳಲಿಲ್ಲ. ಮರುದಿನ ನಾನು ಹೋದಾಗ ಸ್ಕ್ರೂಡ್ರೈವರಿನ ಹಿಡಿ ಅವನ ಕಿವಿಯ ಹಿಂದಿತ್ತು. ಪಕ್ಕದಲ್ಲಿ ನಿಂತು ತಾತ, “ಅಲ್ಲಲ್ಲ, ಇನ್ನೂ ಕೆಳಗೆ” ಎನ್ನುತ್ತಿದ್ದರು.

ಖರ್ಚಿನ ಮಾತನ್ನೂ ಹೇಳಿಬಿಡುವುದು ನ್ಯಾಯ. ಮೇಷ್ಟ್ರ ಎರಡು ತಿಂಗಳ ಪಿಂಚಣಿ ಇದಕ್ಕೆ ಹೋಯಿತು. ಮೊದಲು ಲೀಟರಿಗೆ 11 ಕಿಲೋಮೀಟರ್ ಕೊಡುತ್ತಿದ್ದ ಕಾರು ಈಗ 13 ಕೊಡುತ್ತಿದೆ. ಉಳಿತಾಯದಿಂದ ಹಾಕಿದ ಹಣ ಹಿಂದಿರುಗುವುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಶಕ್ತಿಯೂ ಹೇಳಿಕೊಳ್ಳುವಷ್ಟು ಹೆಚ್ಚಿಲ್ಲ. ಇಂಜಿನ್ನು ಅದೇ ಹಳೆಯದು. ಕಾರ್ಬೊರೇಟರು ಕೈಕೊಟ್ಟರೆ ಜೆಟ್ಟು ಬಿಚ್ಚಿ ಬಾಯಲ್ಲಿ ಊದಿ ಮುಂದೆ ಸಾಗಬಹುದಿತ್ತು. ಕಂಪ್ಯೂಟರು ಕೈಕೊಟ್ಟರೆ ಊದುವುದಕ್ಕೇನೂ ಇಲ್ಲ. ವರ್ಷಕ್ಕೆ ನಾಲ್ಕು ಬಾರಿ ಹೊರತೆಗೆಯುವ ಕಾರಾಗಿದ್ದರೆ, ಹೊಸ ರಬ್ಬರು ನಳಿಗೆ ಮತ್ತು ಸರಿಯಾದ ಜೆಟ್ಟಿನಲ್ಲೇ ಕೈತೊಳೆದುಕೊಳ್ಳಿ ಎಂದು ನಾನು ಹೇಳುತ್ತಿದ್ದೆ. ಐವತ್ತು ತುಂಬಿ, ಅಚ್ಚಳಿಯದೆ ಉಳಿದ ಕಾರಾಗಿದ್ದರೆ ಮುಟ್ಟಲೇಬೇಡಿ.

ಕಾರ್ತಿಕದಲ್ಲಿ ದಂಪತಿಗಳು ಊಟಿಗೆ ಹೋಗಿ ಬಂದರು. ಕಪ್ಪು ಹೊಗೆಯಿಲ್ಲ, ಒದ್ದೆ ಟವೆಲಿಲ್ಲ. ದಾರಿಯಲ್ಲಿ ಎಲ್ಲಿಯೂ ನಿಲ್ಲದ್ದರಿಂದ ಕಾಫಿ ಕುಡಿಯಲೂ ಆಗಲಿಲ್ಲವೆಂದು ಆಕೆಯ ಹೊಸ ದೂರು.

ಡ್ಯಾಷ್‌ಬೋರ್ಡಿನಲ್ಲಿ ಚೋಕಿನ ಗುಂಡಿ ಮಾತ್ರ ಇದ್ದಲ್ಲೇ ಇದೆ. ಅದರ ಹಿಂದಿನ ತಂತಿ ಈಗ ಯಾವುದಕ್ಕೂ ಅಂಟಿಕೊಂಡಿಲ್ಲ. ತೆಗೆದರೆ ತೂತು ಕಾಣುತ್ತದೆಂದು ಹಾಗೆಯೇ ಬಿಟ್ಟಿದ್ದಾರೆ. ದಿನವೂ ಬೆಳಿಗ್ಗೆ ಆರೂವರೆಗೆ ನಮ್ಮ ಕಿಟಕಿಯಿಂದ ನೋಡುತ್ತೇನೆ: ಮೇಷ್ಟ್ರು ಕಾರಿನಲ್ಲಿ ಕುಳಿತು ಮೊದಲು ಆ ಗುಂಡಿಯನ್ನು ಪೂರ್ತಿ ಎಳೆಯುತ್ತಾರೆ, ಆಮೇಲೆ ಬೀಗದಕೈ ತಿರುಗಿಸುತ್ತಾರೆ, ಕಾರು ಹೊತ್ತಿಕೊಂಡ ಮೇಲೆ ಅರ್ಧ ನಿಮಿಷ ಕಾದು, ನಿಧಾನವಾಗಿ ಗುಂಡಿಯನ್ನು ಒಳಕ್ಕೆ ತಳ್ಳುತ್ತಾರೆ.